ನಾಲ್ಕು ಊರುಗಳ ಹೊಗೆಯ ಲೆಕ್ಕ

ಪ್ರವಾಸಕ್ಕೆ ಹೊರಡಲು ಗೃಹಸ್ಥರಿಗೆ ಒಂದು ನೆವ ಬೇಕು. ಮದುವೆಯೋ ಮುಂಜಿಯೋ ಜಾತ್ರೆಯೋ ಇದ್ದರೆ ಸರಿ. ಇಲ್ಲವಾದರೆ ಮನೆಯ ಖರ್ಚಿನ ಪುಸ್ತಕವು ಕಾಲಿಗೆ ತೊಡರುತ್ತದೆ. ಈ ಸಲ ನಮಗೆ ನೆವವನ್ನು ಒದಗಿಸಿದವಳು ಪ್ರೌಢಶಾಲೆಯಲ್ಲಿ ಓದುವ ನಮ್ಮ ಮಗಳು. ಒಂದು ಸಂಜೆ ಅವಳು ವಿಜ್ಞಾನದ ಪುಸ್ತಕವನ್ನು ಮುಂದಿಟ್ಟುಕೊಂಡು, “ಕಲ್ಲಿದ್ದಲು, ಎಣ್ಣೆಗಳ ಹೊಗೆಯಿಂದ ಭೂಮಿ ಕಾಯುತ್ತಿದೆಯಂತೆ. ಇದನ್ನು ತಡೆಯಲು ದೊಡ್ಡ ದೊಡ್ಡ ದೇಶಗಳು ಸಭೆ ಸೇರುತ್ತವೆಯಂತೆ. ನಮ್ಮ ಊರಿನ ಪುರಸಭೆಯವರು ಏನೂ ಮಾಡಲಾರರೆ?” ಎಂದು ಕೇಳಿದಳು. ಚರಂಡಿಯನ್ನೇ ಸಕಾಲಕ್ಕೆ ತೆಗೆಸದವರು ಆಕಾಶವನ್ನು ತೊಳೆದಾರೆಯೇ ಎಂದು ನಾವು ನಕ್ಕೆವು. ಅವಳು ನಗಲಿಲ್ಲ. ಉತ್ತರ ತಿಳಿಯದಿದ್ದಾಗ ನಗುವುದು ದೊಡ್ಡವರ ಹಳೆಯ ಚಾಳಿಯೆಂಬುದು ಅವಳ ಮೋರೆಯನ್ನು ಕಂಡ ಮೇಲೆ ನಮಗೆ ಹೊಳೆಯಿತು. ದಸರೆಯ ರಜೆಯೂ ಹತ್ತಿರ ಬಂದಿತ್ತು. ಬಾಗಲಕೋಟೆಯಲ್ಲಿರುವ ಸೋದರಮಾವನವರು ಬಹುದಿನಗಳಿಂದ ಕರೆಯುತ್ತಲೂ ಇದ್ದರು. ಬಾದಾಮಿ, ಹುನಗುಂದ, ಇಳಕಲ್ಲುಗಳನ್ನೂ ನೋಡಿದಂತಾಗುವುದು, ಮಗಳ ಪ್ರಶ್ನೆಗೆ ಉತ್ತರವನ್ನೂ ಹುಡುಕಿದಂತಾಗುವುದು ಎಂದು ನಾವು ಮೂವರೂ ಹೊರಟೆವು.

ವಿಜಯಪುರದಿಂದ ದಕ್ಷಿಣಕ್ಕೆ ಸಾಗುವ ರೈಲುಬಂಡಿಯು ಎರಡು ದೃಶ್ಯಗಳನ್ನು ಒಂದಾದ ಮೇಲೊಂದರಂತೆ ತೋರಿಸುತ್ತದೆ. ಮೊದಲನೆಯದು ಕೂಡಗಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರ. ತಲಾ 800 ಮೆಗಾವಾಟಿನ ಮೂರು ಘಟಕಗಳು, ಒಟ್ಟು 2400 ಮೆಗಾವಾಟು; ಗಗನಕ್ಕೆ ನೆಟ್ಟ ಹೊಗೆಗೊಳವೆಗಳು ಬಯಲಿನಲ್ಲಿ ಬಹು ದೂರದಿಂದಲೇ ಕಾಣಿಸುತ್ತವೆ. ಎರಡನೆಯದು ಆಲಮಟ್ಟಿಯ ಬಳಿ ಸಮುದ್ರದಂತೆ ಹರಡಿರುವ ಕೃಷ್ಣೆಯ ಜಲರಾಶಿ. ಆ ಕೇಂದ್ರಕ್ಕೆ ಬೇಕಾದ ನೀರು ಹೋಗುವುದು ಇಲ್ಲಿಂದಲೇ. ನೀರಿನಿಂದಲೂ ಇಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅಣೆಕಟ್ಟಿನ ಬುಡದಲ್ಲಿರುವ ಯಂತ್ರಾಗಾರದ ಸಾಮರ್ಥ್ಯ 290 ಮೆಗಾವಾಟು. ಕಲ್ಲಿದ್ದಲಿನ ಪಾಲು ಎಷ್ಟು, ನೀರಿನ ಪಾಲು ಎಷ್ಟು ಎಂಬುದನ್ನು ಈ ಎರಡು ಅಂಕೆಗಳೇ ಹೇಳುತ್ತವೆ.

ಕಲ್ಲಿದ್ದಲು ಉರಿದಾಗ ಹುಟ್ಟುವ ಇಂಗಾಲಾಮ್ಲ ವಾಯುವು, ಎಂದರೆ ಇಂದಿನ ಪಠ್ಯಪುಸ್ತಕಗಳ ಇಂಗಾಲದ ಡೈಆಕ್ಸೈಡು, ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ನಾರುವುದಿಲ್ಲ. ಆದರೆ ಅದು ಸೂರ್ಯನ ಶಾಖವನ್ನು ಹೊದಿಕೆಯಂತೆ ಹಿಡಿದಿಡುತ್ತದೆ. ಯಂತ್ರಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ವಾಯು ಸುಮಾರು 280 ಭಾಗವಿತ್ತು. ಈಗ 420ನ್ನು ಮೀರಿದೆ. ನಮ್ಮ ದೇಶದ ವಿದ್ಯುಜ್ಜಾಲದಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸರಾಸರಿ ಸುಮಾರು 0.7 ಕಿಲೋಗ್ರಾಂ ಇಂಗಾಲಾಮ್ಲ ಹೊರಬೀಳುತ್ತದೆಂದು ಲೆಕ್ಕ. ಮಗಳು ಈ ಅಂಕಿಯನ್ನು ತನ್ನ ಪುಸ್ತಕದ ಮೊದಲನೆಯ ಪುಟದಲ್ಲಿ ಬರೆದುಕೊಂಡಳು. ಮುಂದಿನ ನಾಲ್ಕು ದಿನಗಳಲ್ಲಿ ಅದು ನಮಗೆ ಮಗ್ಗಿಯಂತೆ ಬಾಯಿಪಾಠವಾಯಿತು.

ಮಾವನವರ ಮನೆ ನವನಗರದಲ್ಲಿದೆ. ಹಳೆಯ ಬಾಗಲಕೋಟೆಯು ಘಟಪ್ರಭೆಯ ದಂಡೆಯ ಊರು. ಆಲಮಟ್ಟಿಯ ಹಿನ್ನೀರು ಅದರ ಬಹುಭಾಗವನ್ನು ನುಂಗುವುದೆಂದು ತಿಳಿದಾಗ ಎತ್ತರದ ನೆಲದಲ್ಲಿ ಹೊಸ ಊರನ್ನು ಕಟ್ಟಬೇಕಾಯಿತು. ಅದರ ವಿನ್ಯಾಸದಲ್ಲಿ ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರೆಯ ಅವರ ಕೈಯಿತ್ತು. ಅಗಲವಾದ ಬೀದಿಗಳು, ಅಂಕೆಗಳಿಂದ ಕರೆಯಲ್ಪಡುವ ಸೆಕ್ಟರುಗಳು, ನಡುನಡುವೆ ಬಯಲು. ಆದರೆ ಮಾವನವರ ಮನೆಯ ತಲೆಬಾಗಿಲು ಮಾತ್ರ ಹೊಸದಲ್ಲ. ಮುಳುಗಿದ ಮನೆಯಿಂದ ಕಿತ್ತು ತಂದು ನಿಲ್ಲಿಸಿದ, ಎಣ್ಣೆಯಿಂದ ಕಪ್ಪಾದ ತೇಗಿನ ಚೌಕಟ್ಟು ಅದು. ಹೊಸ ಗೋಡೆಗೆ ಅದು ಒಂದಿಷ್ಟು ದೊಡ್ಡದಾಯಿತೆಂದು ಅವರು ಗೋಡೆಯನ್ನೇ ಒಡೆಸಿ ಕಟ್ಟಿಸಿದರಂತೆ, ಬಾಗಿಲನ್ನು ಕೊಯ್ಯಿಸಲಿಲ್ಲ.

ರಾತ್ರಿ ಊಟವಾದ ಮೇಲೆ ಕಟ್ಟೆಯಲ್ಲಿ ಕುಳಿತು, ಪ್ರಯಾಣದಲ್ಲಿ ಒಂದೂರಿನಲ್ಲಿ ಕಂಡುದನ್ನು ಹೇಳಿದೆವು. ಊರಿನ ಹೆಸರು ಬೇಡ. ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಅಲ್ಲಿಯ ಬೀದಿದೀಪಗಳು ಸಾಲಾಗಿ ಉರಿಯುತ್ತಿದ್ದುವು. ಮಾವನವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಆ ದೀಪಕ್ಕ ನಾವು ಮನಿ ಕೊಟ್ಟೀವಿ. ಹಗಲ ಹೊತ್ತು ಉರದ್ರ ನನಗ ಹೊಟ್ಟಿ ಉರೀತದ” ಎಂದರು. ಅವರು ಅಣೆಕಟ್ಟನ್ನು ದೂರಿದವರಲ್ಲ. ನೀರು ಕಾಣದ ಹೊಲಗಳು ಹಸುರಾದುದನ್ನು ಅವರೇ ಎಷ್ಟೋ ಸಲ ಹೊಗಳಿದ್ದಾರೆ. ಕೊಟ್ಟದ್ದು ವ್ಯರ್ಥವಾಗಬಾರದು ಎಂಬುದಷ್ಟೇ ಅವರ ಅಳಲು. ಆಲಮಟ್ಟಿಯಲ್ಲಿ ಈಗ ನೀರನ್ನು 519.60 ಮೀಟರಿನ ಮಟ್ಟಕ್ಕೆ ನಿಲ್ಲಿಸುತ್ತಾರೆ. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಾಧಿಕರಣವು 2010ರಲ್ಲಿ ಒಪ್ಪಿತು. ಏರಿದರೆ ಇನ್ನೂ ಅನೇಕ ಹಳ್ಳಿಗಳ ತಲೆಬಾಗಿಲುಗಳು ಕೀಳಬೇಕಾಗುತ್ತವೆ.

ಆ ರಾತ್ರಿಯೇ ಬೀದಿದೀಪದ ಲೆಕ್ಕ ಹಾಕಿದೆವು. ಹಳೆಯ ಮಾದರಿಯ 250 ವಾಟಿನ ಸೋಡಿಯಂ ದೀಪವನ್ನು ತೆಗೆದು 100 ವಾಟಿನ ಎಲ್‌ಇಡಿ ದೀಪವನ್ನು ಹಾಕಿದರೆ, ರಾತ್ರಿಗೆ 11 ತಾಸಿನಂತೆ ವರ್ಷಕ್ಕೆ ಸುಮಾರು 600 ಯೂನಿಟ್ ಉಳಿಯುತ್ತದೆ. ಎಂದರೆ ಸುಮಾರು 420 ಕಿಲೋಗ್ರಾಂ ಇಂಗಾಲಾಮ್ಲ. ಸಾವಿರ ದೀಪಗಳಿದ್ದರೆ 420 ಟನ್ನು. ಬೆಳೆದ ಮರವೊಂದು ವರ್ಷಕ್ಕೆ ಹೀರಬಲ್ಲದ್ದು ಕೆಲವು ಹತ್ತು ಕಿಲೋಗ್ರಾಮುಗಳಷ್ಟೆ. ಆದುದರಿಂದ ಸಸಿ ನೆಡುವ ಸಮಾರಂಭದಲ್ಲಿ ಹಾರ ಹಾಕಿಸಿಕೊಳ್ಳುವುದಕ್ಕಿಂತ ಮುಂಚೆ ದೀಪದ ಗುಂಡಿಯ ಕಡೆಗೆ ಗಮನ ಕೊಡುವುದು ಹೆಚ್ಚು ಫಲದಾಯಕ. ಬೇವಿನ ಮರಗಳು ಬೇಡವೆಂದು ಯಾರೂ ತಿಳಿಯಬಾರದು. ಬಾಗಲಕೋಟೆಯ ಬೇಸಗೆಯನ್ನು ಕಂಡವರಿಗೆ ನೆರಳಿನ ಬೆಲೆ ಗೊತ್ತು. ಮರವು ನೆರಳಿಗಾಗಿ, ದೀಪದ ಮಿತವ್ಯಯವು ಲೆಕ್ಕಕ್ಕಾಗಿ, ಎರಡೂ ಬೇಕು.

ಮರುದಿನ ಬಾದಾಮಿಗೆ ಹೋದೆವು. ನಿಲ್ದಾಣವು ಊರಿನಿಂದ ಕೆಲವು ಕಿಲೋಮೀಟರು ದೂರ. ಕೆಂಪು ಬೆಟ್ಟಗಳ ಮಡಿಲಿಗೆ ಬರುತ್ತಲೇ ಗುಹೆಗಳಿಗಿಂತ ಮೊದಲು ನಮ್ಮನ್ನು ಸೆಳೆದುದು ಅಗಸ್ತ್ಯತೀರ್ಥ. ಇಮ್ಮಡಿ ಪುಲಕೇಶಿಯ ಅಜ್ಜನಾದ ಮೊದಲನೆಯ ಪುಲಕೇಶಿಯು ಈ ಬೆಟ್ಟವನ್ನು ಕೋಟೆಯಾಗಿ ಮಾಡಿದ ಸಂಗತಿಯನ್ನು ಬಂಡೆಯ ಮೇಲಿನ ಕ್ರಿ. ಶ. 543ರ ಶಾಸನವು ಹೇಳುತ್ತದೆ. ಮಳೆಯ ನೀರು ಬಂಡೆಗಳಿಂದ ತಾನಾಗಿಯೇ ಇಳಿದು ಕೆರೆಯನ್ನು ಸೇರುವಂತೆ ಊರು ಕುಳಿತಿದೆ. ಇಳಿಜಾರೇ ಇಲ್ಲಿಯ ಯಂತ್ರ.

ಇಂದಿನ ಊರುಗಳಿಗೆ ಆ ಸೌಲಭ್ಯವಿಲ್ಲ. ದೂರದ ನದಿಯಿಂದ ನೀರನ್ನು ಎತ್ತಿ ತರಬೇಕು. ನಮ್ಮ ಪುರಸಭೆ ನಗರಸಭೆಗಳ ವಿದ್ಯುತ್ ಖರ್ಚಿನಲ್ಲಿ ದೊಡ್ಡ ಪಾಲು ಈ ನೀರೆತ್ತುವ ಕೆಲಸಕ್ಕೇ ಹೋಗುತ್ತದೆಂಬುದು ಮನೆಮಂದಿಯಲ್ಲಿ ಅನೇಕರಿಗೆ ತಿಳಿಯದು. ಕೆರೆಯ ಮೆಟ್ಟಿಲ ಮೇಲೆ ಕುಳಿತು ಮತ್ತೆ ಲೆಕ್ಕ ಹಾಕಿದೆವು. ಹತ್ತು ಲಕ್ಷ ಲೀಟರು ನೀರನ್ನು 100 ಮೀಟರು ಎತ್ತರಕ್ಕೆ ಏರಿಸಲು, ಸಾಧಾರಣ ಪಂಪಿಗೆ ಸುಮಾರು 400 ಯೂನಿಟ್ ಬೇಕು. ಅದರ ಹೊಗೆ 280 ಕಿಲೋಗ್ರಾಂ. ಹೀಗೆ ಏರಿಸಿದ ನೀರಿನಲ್ಲಿ ಹತ್ತರಲ್ಲಿ ಮೂರು ಪಾಲು ಒಡೆದ ಕೊಳವೆಗಳಲ್ಲಿ ಸೋರಿಹೋಯಿತೆಂದು ಭಾವಿಸೋಣ. ಆಗ ದಿನಕ್ಕೆ 120 ಯೂನಿಟ್ ಮಣ್ಣುಪಾಲು. ವರ್ಷಕ್ಕೆ ಮೂವತ್ತು ಟನ್ನು ಹೊಗೆ ಯಾರ ಬಾಯಾರಿಕೆಯನ್ನೂ ತೀರಿಸದೆ ಆಕಾಶಕ್ಕೆ ಹೋಯಿತು. ಇದು ಹತ್ತು ಲಕ್ಷ ಲೀಟರಿನ ಲೆಕ್ಕ ಮಾತ್ರ. ಊರಿಗೆ ಅದರ ಹಲವು ಪಟ್ಟು ನೀರು ಬೇಕು. ಸೋರುವ ನಲ್ಲಿಯನ್ನು ಕಂಡರೆ ನೀರು ಹೋಯಿತೆನ್ನುತ್ತೇವೆ. ಅದರ ಜೊತೆಗೆ ಕಲ್ಲಿದ್ದಲೂ ಹೋಯಿತೆಂದು ಇನ್ನು ಮೇಲೆ ಹೇಳಬೇಕು. ಸೋರಿಕೆಯನ್ನು ತಡೆಯುವುದು, ಹಳೆಯ ಪಂಪನ್ನು ಬದಲಿಸುವುದು, ಬಿಸಿಲಿರುವಾಗ ಸೌರಶಕ್ತಿಯಿಂದ ನೀರೆತ್ತಿ ತೊಟ್ಟಿಯನ್ನು ತುಂಬಿಸಿಡುವುದು, ಈ ಮೂರೂ ಸ್ಥಳೀಯ ಸಂಸ್ಥೆಯ ಕೈಯಲ್ಲಿರುವ ಕೆಲಸಗಳು.

ಬಾದಾಮಿಯ ಕಲ್ಲು ಇನ್ನೊಂದು ಪಾಠವನ್ನು ಹೇಳಿತು. ಬಾಗಲಕೋಟೆಯ ಸುತ್ತಲೂ ಸುಣ್ಣಕಲ್ಲು ವಿಪುಲ. ಸಿಮೆಂಟಿನ ಕಾರ್ಖಾನೆಗಳೂ ಈ ಜಿಲ್ಲೆಯಲ್ಲಿವೆ. ಸುಣ್ಣಕಲ್ಲನ್ನು ಸುಟ್ಟರೆ ಉರುವಲಿನ ಹೊಗೆಯಲ್ಲದೆ, ಆ ಕಲ್ಲಿನೊಳಗೇ ಅಡಗಿರುವ ಇಂಗಾಲಾಮ್ಲವೂ ಬಿಡುಗಡೆಯಾಗುತ್ತದೆ. ಶುದ್ಧವಾದ 100 ಕಿಲೋಗ್ರಾಂ ಕಲ್ಲಿನಿಂದ 44 ಕಿಲೋಗ್ರಾಂ. ಸಿಮೆಂಟನ್ನು ಬಿಟ್ಟು ಬಾಳುವೆವೆಂದು ಹೇಳುವುದು ಸುಳ್ಳು. ಆದರೆ ಪುರಸಭೆಯು ತಾನು ಕಟ್ಟಿಸುವ ಕಟ್ಟೆ, ಕಾಲುದಾರಿ, ಆವರಣದ ಗೋಡೆಗಳಿಗೆ ಊರಿನ ಕಲ್ಲನ್ನೇ ಬಳಸಿದರೆ ಹೊಗೆಯೂ ಕಡಿಮೆ, ಕಲ್ಲುಕುಟಿಗರಿಗೆ ಕೆಲಸವೂ ಉಂಟು.

ಊರನ್ನು ಆಳುವ ಹೊಣೆ ಊರಿನವರದೇ ಎಂಬ ಮಾತು ನಮ್ಮಲ್ಲಿ ಹೊಸದಲ್ಲ. ಇದೇ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು 8ನೆಯ ಶತಮಾನದಲ್ಲಿ ಪುಲಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ಒಂದು ಆಚಾರವ್ಯವಸ್ಥೆಯನ್ನು ಬರೆಯಿಸಿಕೊಟ್ಟನು. ಅಧಿಕಾರಿಗಳ ಮಿತಿಯೇನು, ಊರಿನವರ ಕರ್ತವ್ಯವೇನು, ಮನೆಯ ಅಂತಸ್ತಿಗೆ ತಕ್ಕಂತೆ ತೆರಿಗೆಯೆಷ್ಟು ಎಂಬುದನ್ನೆಲ್ಲ ಕಲ್ಲಿನ ಮೇಲೆ ಕಂಡರಿಸಿದರು. ಇಂದಿನ ಪುರಸಭೆಗಳಿಗೆ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮವಿದೆ. ಬೀದಿಗೆ ದೀಪ, ಮನೆಗೆ ನೀರು, ಊರಿಗೆ ನೈರ್ಮಲ್ಯ ಇವು ಅದರ ಮೂಲ ಕರ್ತವ್ಯಗಳು. ಹೊಗೆಯೆಂಬ ಹೊಸ ಪದವನ್ನು ಅಲ್ಲಿ ಸೇರಿಸದಿದ್ದರೂ ಹೊಗೆಯ ಮೂಲಗಳೆಲ್ಲ ಆ ಹಳೆಯ ಕರ್ತವ್ಯಗಳಲ್ಲಿಯೇ ಅಡಗಿವೆ.

ಬಾದಾಮಿಯಿಂದ ಪಟ್ಟದಕಲ್ಲು, ಐಹೊಳೆಗಳ ದಾರಿಯಾಗಿ ಬಸ್ಸಿನಲ್ಲಿ ಹುನಗುಂದಕ್ಕೆ ನಡೆದೆವು. ಮಲಪ್ರಭೆಯು ಆ ದಿನ ಸಾಧುವಾಗಿ ಹರಿಯುತ್ತಿದ್ದಳು. ಆದರೆ 2009ರ ಶರತ್ಕಾಲದ ಮಹಾಮಳೆಯನ್ನೂ 2019ರ ಆಗಸ್ಟ್ ತಿಂಗಳ ಪ್ರವಾಹವನ್ನೂ ಈ ದಂಡೆಯ ಜನರು ಮರೆತಿಲ್ಲ. ಎರಡನೆಯ ಸಲ ಪಟ್ಟದಕಲ್ಲಿನ ದೇವಾಲಯಗಳ ಅಂಗಳದಲ್ಲಿ ನೀರು ನಿಂತಿತು. ಮತ್ತೆ 2023ರಲ್ಲಿ ರಾಜ್ಯದ ಬಹುತೇಕ ತಾಲೂಕುಗಳಲ್ಲಿ ಬರ. ಇಂಥ ಒಂದೊಂದು ಪ್ರವಾಹಕ್ಕೂ ಬರಕ್ಕೂ ಕಾಯುವ ಭೂಮಿಯೇ ಏಕಮಾತ್ರ ಕಾರಣವೆಂದು ಬೆರಳು ಮಾಡಿ ತೋರಿಸಲಾಗದು. ಆದರೆ ಗಾಳಿಯು ಬಿಸಿಯಾದಷ್ಟೂ ಹೆಚ್ಚು ನೀರನ್ನು ಹೊತ್ತುಕೊಂಡು ಒಮ್ಮೆಲೇ ಸುರಿಸಬಲ್ಲುದು, ಹೊಲದ ಹಸಿಯನ್ನು ಬೇಗನೆ ಹೀರಬಲ್ಲುದು ಎಂಬುದು ವಿಜ್ಞಾನಿಗಳು ಒಪ್ಪಿದ ಮಾತು. ನಮ್ಮ ಜೋಳದ ರೊಟ್ಟಿ ಈ ತಕ್ಕಡಿಯಲ್ಲಿ ಕುಳಿತಿದೆ.

ಅಮೀನಗಡದಲ್ಲಿ ಕರದಂಟನ್ನು ಕಟ್ಟಿಸಿಕೊಳ್ಳದೆ ಮುಂದೆ ಹೋಗುವುದು ಯಾರಿಂದಲೂ ಆಗದ ಕೆಲಸ, ನಮ್ಮಿಂದಲೂ ಆಗಲಿಲ್ಲ. ಅಲ್ಲಿಂದ ಹುನಗುಂದದ ಎರೆಭೂಮಿ. ಹಿಂಗಾರಿ ಜೋಳದ ಬಿತ್ತಿಗೆ ನಡೆದಿತ್ತು. ಊರ ಹೊರಗೆ ಬಸ್ಸಿಗಾಗಿ ಕಾಯುತ್ತಿದ್ದ ವೃದ್ಧ ರೈತರೊಬ್ಬರೊಡನೆ ಮಾತಿಗೆ ತೊಡಗಿದೆವು. ಊರಿನ ಕಸದಿಂದ ಗೊಬ್ಬರ ಮಾಡಿಕೊಟ್ಟರೆ ಒಯ್ಯುವಿರಾ ಎಂದು ಕೇಳಿದುದಕ್ಕೆ ಅವರು, “ಯಾಕ ಒಯ್ಯೂದಿಲ್ರೀ? ತಿಪ್ಪಿಗೊಬ್ಬರ ಈಗ ಎಲ್ಲಿ ಸಾಕಾಗತೈತಿ! ಆದ್ರ ಅದರಾಗ ಗಾಜು, ಪ್ಲಾಸ್ಟಿಕ್ ಇರಬಾರ್ದು. ಎತ್ತಿನ ಕಾಲಿಗೆ ಚುಚ್ಚಿದ್ರ ಯಾರ ಬರತಾರ?” ಎಂದರು. ಕಸದ ವಿಷಯವಾಗಿ ಇಷ್ಟು ಸಂಕ್ಷೇಪವಾಗಿಯೂ ಸ್ಪಷ್ಟವಾಗಿಯೂ ಹೇಳಿದ ಮಾತನ್ನು ನಾವು ಎಲ್ಲಿಯೂ ಓದಿಲ್ಲ.

ನಮ್ಮ ಊರುಗಳ ಕಸದಲ್ಲಿ ಸುಮಾರು ಅರ್ಧದಷ್ಟು ಅಡಿಗೆಮನೆಯ ಹಸಿಕಸ. ಅದನ್ನು ಒಣಕಸದೊಡನೆ ಗುಡ್ಡೆ ಹಾಕಿದರೆ ಗಾಳಿಯಾಡದೆ ಒಳಗೊಳಗೇ ಕೊಳೆತು ಮೀಥೇನ್ ಎಂಬ ಅನಿಲವನ್ನು ಬಿಡುತ್ತದೆ. ನೂರು ವರ್ಷದ ಅವಧಿಯಲ್ಲಿ ಎಣಿಸಿದರೆ ತೂಕಕ್ಕೆ ತೂಕ ಇದು ಇಂಗಾಲಾಮ್ಲಕ್ಕಿಂತ 27 ಪಟ್ಟಿಗೂ ಮಿಕ್ಕಿ ಭೂಮಿಯನ್ನು ಕಾಯಿಸುತ್ತದೆ. ಅದೇ ಹಸಿಕಸವನ್ನು ಬೇರ್ಪಡಿಸಿ, ಮಗುಚಿ, ಗಾಳಿಯಾಡಿಸಿದರೆ ಮೀಥೇನ್ ಬಹುಮಟ್ಟಿಗೆ ತಪ್ಪಿ ಗೊಬ್ಬರವು ದೊರೆಯುತ್ತದೆ. 2016ರ ಘನತ್ಯಾಜ್ಯ ನಿಯಮಗಳು ಮನೆಯಲ್ಲಿಯೇ ಕಸವನ್ನು ವಿಂಗಡಿಸುವುದನ್ನು ಕಡ್ಡಾಯ ಮಾಡಿದುವು. ಆದರೆ ನಿಯಮವು ಅಡಿಗೆಮನೆಯ ಹೊಸ್ತಿಲನ್ನು ದಾಟಿ ಒಳಗೆ ಬರಲಾರದು. ಬಾಳೆಹಣ್ಣಿನ ಸಿಪ್ಪೆಯನ್ನೂ ಹಾಲಿನ ಚೀಲವನ್ನೂ ಒಂದೇ ಬುಟ್ಟಿಗೆ ಎಸೆಯುವ ಕೈ ನಮ್ಮದೇ. ಪುರಸಭೆಯ ಗಾಡಿಯವನು ಎರಡನ್ನೂ ಮತ್ತೆ ಕಲಸಿದರೆ ಕೇಳುವ ಹಕ್ಕು, ನಾವು ಬೇರ್ಪಡಿಸಿ ಕೊಟ್ಟ ದಿನದಿಂದ ಮಾತ್ರ ನಮಗೆ ಬರುತ್ತದೆ.

ಕೊನೆಯ ನಿಲುಗಡೆ ಇಳಕಲ್ಲು. ಇಲ್ಲಿಯ ಕೆಂಪು ಗ್ರಾನೈಟು ದೇಶಾಂತರಗಳಿಗೆ ಹೋಗಿದೆ. ಇಲ್ಲಿಯ ಸೀರೆಯು ನಮ್ಮ ಅಜ್ಜಿಯರ ಮೈಮೇಲೆ ಜನ್ಮವಿಡೀ ಇದ್ದಿತು. ಕುಣಿಮಗ್ಗದ ಮುಂದೆ ಕುಳಿತ ನೇಕಾರ ತಾಯಿಯೊಬ್ಬರು ನಮಗೆ ಕೊಂಡಿ ಹಾಕುವುದನ್ನು ತೋರಿಸಿದರು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕುಣಿಕೆಯಂತೆ ತೊಡಿಸಿ ಜೋಡಿಸುವುದೇ ಕೊಂಡಿ. ಅದು ಬಿಗಿಯಾಗಿ ಕೂತರೆ ತೋಪು ತೆನಿ ಸೆರಗು ಒಡಲಿಗೆ ಅಂಟಿಕೊಂಡು ಹುಟ್ಟಿದಂತೆಯೇ ಕಾಣುತ್ತದೆ. ಕೈಮಗ್ಗಕ್ಕೆ ವಿದ್ಯುತ್ತು ಬೇಡ. ಆದರೆ ನೇಕಾರರ ಕಣ್ಣಿಗೆ ಬೆಳಕು ಬೇಕು, ಬೇಸಗೆಯಲ್ಲಿ ಗಾಳಿ ಬೇಕು. ಇಂಥ ಮನೆಗಳ ಮಾಳಿಗೆಗೆ ಬಿಸಿಲು ಧಾರಾಳ. 3 ಕಿಲೋವಾಟಿನ ಸೌರಫಲಕವು ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಯೂನಿಟ್ ಕೊಡಬಲ್ಲುದು. 2024ರ ಫೆಬ್ರವರಿಯಲ್ಲಿ ಆರಂಭವಾದ ಕೇಂದ್ರ ಸರಕಾರದ ಸೂರ್ಯಘರ್ ಯೋಜನೆಯಲ್ಲಿ ಅಷ್ಟು ದೊಡ್ಡ ಫಲಕಕ್ಕೆ 78,000 ರೂಪಾಯಿಗಳ ಸಹಾಯಧನವನ್ನು ಗೊತ್ತುಮಾಡಲಾಯಿತು. ಉಳಿದ ಹಣವನ್ನು ಎಲ್ಲಿ ಸಾಲ ತರಬೇಕು, ಯಾವ ಕಾಗದವನ್ನು ಎಲ್ಲಿ ಕೊಡಬೇಕು ಎಂಬುದು ಮಗ್ಗದ ಮನೆಯವರಿಗೆ ತಿಳಿಯುವುದು ಕಷ್ಟ. ನಗರಸಭೆಯು ವಾರಕ್ಕೊಂದು ದಿನ ಒಬ್ಬ ಗುಮಾಸ್ತನನ್ನು ಕೂಡಿಸಿ ಅರ್ಜಿ ಬರೆಯಿಸಿಕೊಟ್ಟರೆ ಅದೇ ದೊಡ್ಡ ಉಪಕಾರ.

ಇಳಕಲ್ಲಿನಲ್ಲಿ ಇನ್ನೊಂದು ನೆನಪೂ ಆಯಿತು. ಇಲ್ಲಿಯ ಮಠದ ಮಹಾಂತ ಶಿವಯೋಗಿಗಳು ಜೋಳಿಗೆಯನ್ನು ಹಿಡಿದು ಊರೂರು ತಿರುಗಿ, ಜನರಿಂದ ಕಾಳು ಕಾಸುಗಳನ್ನಲ್ಲ, ಅವರ ದುಶ್ಚಟಗಳನ್ನು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಹಗಲಲ್ಲಿ ಉರಿಯುವ ದೀಪ, ಸೋರುವ ನಲ್ಲಿ, ಬೆರಸಿ ಎಸೆದ ಕಸ, ಕೂಗಳತೆಯ ಅಂಗಡಿಗೂ ಮೋಟಾರುಸೈಕಲ್ಲು, ಇವೂ ಚಟಗಳೇ ಸರಿ. ಜೋಳಿಗೆಗೆ ಹಾಕಲು ನಮ್ಮಲ್ಲಿ ಬೇಕಾದಷ್ಟಿದೆ.

ತಿರುಗಿ ಬಾಗಲಕೋಟೆಗೆ ಬಂದ ರಾತ್ರಿ ಮಾವನವರು ಕೇಳಿದರು: “ಇದನ್ನೆಲ್ಲಾ ಯಾರರೆ ಮಾಡ್ಯಾರೇನು?” ಮಾಡಹೊರಟವರು ಇದ್ದಾರೆ. ನಮ್ಮ ನೆರೆಯ ವಯನಾಡಿನ ಮೀನಂಗಾಡಿ ಗ್ರಾಮಪಂಚಾಯತಿಯು 2016ರಲ್ಲಿ ತನ್ನ ಊರಿನ ಹೊಗೆಯ ಲೆಕ್ಕವನ್ನು ತೆಗೆಯಲು ಹೊರಟಿತು. ಮರವನ್ನು ಕಡಿಯದೆ ಉಳಿಸುವ ರೈತನಿಗೆ ಅದೇ ಮರದ ಆಧಾರದ ಮೇಲೆ ಬಡ್ಡಿಯಿಲ್ಲದ ಸಾಲವನ್ನು ಕೊಡಿಸುವ ಏರ್ಪಾಡನ್ನೂ ಮಾಡಿತು. ಬೆಂಗಳೂರಿನ ಅಂದಿನ ಮಹಾನಗರ ಪಾಲಿಕೆಯು 2023ರ ನವೆಂಬರಿನಲ್ಲಿ ಹವಾಮಾನದ ಕಾರ್ಯಯೋಜನೆಯನ್ನು ಪ್ರಕಟಿಸಿತು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರವು 2025ರೊಳಗೆ ತನ್ನ ಹೊಗೆಯನ್ನು ಸರಿದೂಗಿಸುವುದಾಗಿ ಹೇಳಿ, 2022ರಲ್ಲಿ ಆ ಗಡುವು ತನ್ನಿಂದ ಮುಟ್ಟಲಾಗದೆಂದು ಒಪ್ಪಿಕೊಂಡಿತು. ಸೋತವರೆಂದು ಅವರನ್ನು ಹಳಿಯುವಂತಿಲ್ಲ. ಲೆಕ್ಕ ಬರೆದಿದ್ದರಿಂದಲೇ ಎಷ್ಟು ಉಳಿದಿದೆಯೆಂದು ಅವರಿಗೆ ಗೊತ್ತಾಯಿತು. ಲೆಕ್ಕವನ್ನೇ ಬರೆಯದವನಿಗೆ ಸೋಲೂ ಇಲ್ಲ, ಗೆಲವೂ ಇಲ್ಲ.

ನಾವು ಕಂಡುಕೊಂಡ ಉತ್ತರವೂ ಇದೇ. ಗೃಹಿಣಿಯು ಹಾಲು, ಎಣ್ಣೆ, ಅಕ್ಕಿಗಳ ಖರ್ಚನ್ನು ಬರೆದಿಡುವಂತೆ ಪುರಸಭೆಯು ನೀರೆತ್ತಿದ ಯೂನಿಟ್, ಬೀದಿದೀಪದ ಯೂನಿಟ್, ಬಂಡಿಗಳಿಗೆ ಹಾಕಿದ ಡೀಸೆಲ್, ಗುಡ್ಡೆಯಾದ ಕಸ, ಗೊಬ್ಬರವಾದ ಕಸ, ಈ ಐದು ಬಾಬುಗಳನ್ನು ತಿಂಗಳು ತಿಂಗಳೂ ಬರೆದು ಕಚೇರಿಯ ಬಾಗಿಲಿಗೆ ಅಂಟಿಸಲಿ. ಇದಕ್ಕೆ ಹೊಸ ಕಾನೂನು ಬೇಡ, ದೊಡ್ಡ ಹಣವೂ ಬೇಡ. ಬರೆದ ಅಂಕೆಯನ್ನು ಓದುವ ಹೊಣೆ ನಮ್ಮದು. ಓದುವವರಿದ್ದರೆ ಅಂಕೆಯು ಇಳಿಯುತ್ತದೆಂಬುದು ಮನೆವಾರ್ತೆಯ ಅನುಭವ. ಒಡಲು ಪುರಸಭೆಯದು, ಸೆರಗು ಮನೆಮಂದಿಯದು. ನಡುವಿನ ಕೊಂಡಿ ಈ ಲೆಕ್ಕ.

ಊರಿಗೆ ಮರಳಿದ ಮೇಲೆ ನಾವು ನಮ್ಮ ವಾರ್ಡಿನ ಸದಸ್ಯರ ಮನೆಗೆ ಮಗಳನ್ನು ಕರೆದುಕೊಂಡು ಹೋದೆವು. ಹೋದ ತಿಂಗಳು ನೀರೆತ್ತಲು ಎಷ್ಟು ಯೂನಿಟ್ ಖರ್ಚಾಯಿತೆಂದು ಅವಳು ಕೇಳಿದಳು. ಅವರು ಕನ್ನಡಕವನ್ನು ತೆಗೆದು ಒರಸಿ ಮತ್ತೆ ಹಾಕಿಕೊಂಡು, “ಹದಿನೈದು ವರ್ಷದಿಂದ ಪುರಸಭೆಯಲ್ಲಿದ್ದೇನೆ ತಾಯಿ, ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ” ಎಂದರು. ಮುಂದಿನ ಸಭೆಗೆ ವಿದ್ಯುತ್ತಿನ ಬಿಲ್ಲನ್ನು ತರಿಸುವುದಾಗಿ ಮಾತು ಕೊಟ್ಟಿದ್ದಾರೆ. ಸಭೆಯ ದಿನವನ್ನು ಮಗಳು ಅಡಿಗೆಮನೆಯ ಪಂಚಾಂಗದಲ್ಲಿ ಗುರುತು ಹಾಕಿಟ್ಟಿದ್ದಾಳೆ.